ತಂಗಿ ಟೆಸ್ಟಿಂಗ್ ಪೂಲ್‌ಗೆ ಸೇರಿದಳು. ಅವಳು ಎಲ್ಲಿರುತ್ತಾಳೆ ಅನ್ನುವ ವಿವರವೆಲ್ಲ ಯಾರ ಕೈಗೆ ಹೋಗುತ್ತದೆ?

ಎಂಟನೇ ಲೇನ್

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ 800 ಮೀಟರ್ ಓಡುತ್ತಾಳೆ. ಕಳೆದ ವಾರ ಉದ್ದೀಪನ ಮದ್ದು ತಡೆ ಸಂಸ್ಥೆಯಿಂದ ಪತ್ರ ಬಂತು. ನಿಮ್ಮನ್ನು ರಿಜಿಸ್ಟರ್ಡ್ ಟೆಸ್ಟಿಂಗ್ ಪೂಲ್‌ಗೆ, ಅಂದರೆ ಯಾವಾಗ ಬೇಕಾದರೂ ಮದ್ದಿನ ಪರೀಕ್ಷೆಗೆ ಒಳಗಾಗಬೇಕಾದವರ ಪಟ್ಟಿಗೆ ಸೇರಿಸಿದ್ದೇವೆ, ಇನ್ನು ಮೂರು ತಿಂಗಳಿಗೊಮ್ಮೆ ನೀವು ಎಲ್ಲೆಲ್ಲಿ ಇರುತ್ತೀರಿ ಎಂಬ ವಿವರ ಕೊಡಬೇಕು ಅಂತ. ಮೊದಲು ಮನೆಯವರೆಲ್ಲ ಖುಷಿಪಟ್ಟೆವು. ಆ ಪಟ್ಟಿಯಲ್ಲಿ ಹೆಸರು ಬಂತು ಅಂದರೆ ಅವಳು ಲೆಕ್ಕಕ್ಕೆ ಬಂದಳು ಅಂತ ತಾನೇ?

ನಿನ್ನೆ ರಾತ್ರಿ ಇಬ್ಬರೂ ಕೂತು ಫಾರಂ ತೆರೆದೆವು. ಖುಷಿ ಇಳಿಯಿತು. ಪ್ರತಿ ರಾತ್ರಿ ಎಲ್ಲಿ ಮಲಗುತ್ತೀರಿ, ವಿಳಾಸ. ಅಭ್ಯಾಸ ಎಲ್ಲಿ, ಎಷ್ಟು ಹೊತ್ತಿಗೆ. ಕಾಲೇಜು ಎಲ್ಲಿ. ಬೆಳಿಗ್ಗೆ 5ರಿಂದ ರಾತ್ರಿ 11ರ ನಡುವೆ ಒಂದು ಗಂಟೆ ಆರಿಸಿ, ಆ ಗಂಟೆ ನೀವು ಖಂಡಿತ ಸಿಗುವ ಜಾಗ ಯಾವುದು. ಹೀಗೆ ಪೂರ್ತಿ ಮೂರು ತಿಂಗಳಿಗೆ. ನಾನು ಒಡಹುಟ್ಟಿದ ಅಣ್ಣ, ನನಗೇ ಇಷ್ಟು ಗೊತ್ತಿಲ್ಲ.

ಅವಳಿಗೆ 19 ವರ್ಷ, ಹಾಸ್ಟೆಲ್‌ನಲ್ಲಿ ಇರುತ್ತಾಳೆ. ಬೆಳಗಿನ ಕತ್ತಲಲ್ಲಿ ಯಾವ ಮೈದಾನದಲ್ಲಿ ಒಬ್ಬಳೇ ಓಡುತ್ತಿರುತ್ತಾಳೆ ಅನ್ನುವುದು ಒಂದು ಕಂಪ್ಯೂಟರಿನಲ್ಲಿ ಕೂತಿರುತ್ತದೆ. ಅದನ್ನು ಯಾರು ನೋಡುತ್ತಾರೆ? ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ? ಯಾರಾದರೂ ಕದ್ದರೆ? ಮದ್ದಿನ ವಿಷಯದಲ್ಲಿ ನಮಗೆ ಹೆದರಿಕೆ ಇಲ್ಲ. ಹೆದರಿಕೆ ಇರುವುದು ಈ ವಿಷಯದಲ್ಲಿ.

ನಿವೃತ್ತ ಶೀಟಿ

ತಂಗಿಗೆ ಅಭಿನಂದನೆ ಹೇಳಪ್ಪ. ಇಪ್ಪತ್ತು ವರ್ಷ ಕೋಚ್ ಆಗಿದ್ದವನು ನಾನು. ನನ್ನ ಹತ್ತಿರ ತರಬೇತಿ ಪಡೆದ ನಾಲ್ಕು ಜನ ಈ ಪೂಲ್‌ನಲ್ಲಿ ಇದ್ದರು.

ಇಷ್ಟೊಂದು ವಿವರ ಯಾಕೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಮದ್ದು ತೆಗೆದುಕೊಳ್ಳುವವನು ಫೈನಲ್ ದಿನ ತೆಗೆದುಕೊಳ್ಳುವುದಿಲ್ಲ. ಸ್ಟೀರಾಯ್ಡ್ ಕೆಲಸ ಮಾಡುವುದು ಅಭ್ಯಾಸದ ತಿಂಗಳುಗಳಲ್ಲಿ. ಸ್ಪರ್ಧೆ ಹತ್ತಿರ ಬರುವ ಹೊತ್ತಿಗೆ ಮೈಯಿಂದ ಹೋಗಿರುತ್ತದೆ, ಬಲ ಮಾತ್ರ ಉಳಿದಿರುತ್ತದೆ. ರಕ್ತದಲ್ಲಿ ಕೆಂಪು ಕಣ ಹೆಚ್ಚಿಸುವ ಇಪಿಒ ತರದ್ದನ್ನು ಸಣ್ಣ ಸಣ್ಣ ಪ್ರಮಾಣದಲ್ಲಿ ತೆಗೆದುಕೊಂಡರೆ ಸಿಕ್ಕಿಬೀಳುವ ಅವಧಿ ಇನ್ನೂ ಚಿಕ್ಕದು. ಹಾಗಾಗಿ ಹೇಳದೆ ಕೇಳದೆ ಬಂದು ಬಾಗಿಲು ತಟ್ಟಬೇಕು. ಬಾಗಿಲು ಯಾವುದು ಅಂತ ಗೊತ್ತಿಲ್ಲದಿದ್ದರೆ ತಟ್ಟುವುದು ಹೇಗೆ?

ಎರಡು ಮಾತು ಗಟ್ಟಿಯಾಗಿ ನೆನಪಿಡಿ. 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ ಅದೂ ಮದ್ದು ತೆಗೆದುಕೊಂಡ ಹಾಗೆಯೇ ನಿಯಮ ಉಲ್ಲಂಘನೆಯ ಪ್ರಕರಣ. ಎರಡು ವರ್ಷ ನಿಷೇಧ, ತಪ್ಪಿನ ಪ್ರಮಾಣ ನೋಡಿ ಒಂದು ವರ್ಷಕ್ಕೆ ಇಳಿಸಬಹುದು, ಅದಕ್ಕಿಂತ ಕಡಿಮೆ ಇಲ್ಲ. ಆರಿಸಿದ ಗಂಟೆಯಲ್ಲಿ ಸಿಗದೆ ಹೋಗುವುದೂ ಒಂದು ತಪ್ಪು, ವಿವರ ತಪ್ಪಾಗಿ ಕೊಡುವುದೂ ಒಂದು ತಪ್ಪು. ಎರಡನ್ನೂ ಸೇರಿಸಿ ಎಣಿಸುತ್ತಾರೆ. ಇನ್ನೊಂದು, ಫಾರಂ ನೀನು ತುಂಬಿದರೂ ಹೊಣೆ ಅವಳದೇ. "ಅಣ್ಣ ಮರೆತ" ಅಂದರೆ ಯಾರೂ ಕೇಳುವುದಿಲ್ಲ. ನನ್ನ ಹುಡುಗನೊಬ್ಬನಿಗೆ ಒಂದು ತಪ್ಪು ಬಿದ್ದದ್ದೇ ಹಾಗೆ. ಅವನ ಚಿಕ್ಕಪ್ಪ ತುಂಬುತ್ತಿದ್ದರು. ಕ್ಯಾಂಪ್ ಎರಡು ದಿನ ಮುಂಚೆ ಮುಗಿಯಿತು, ಹುಡುಗ ಮನೆಗೆ ಬಂದ, ಫಾರಂನಲ್ಲಿ ಮಾತ್ರ ಇನ್ನೂ ಕ್ಯಾಂಪಿನಲ್ಲೇ ಇದ್ದ.

ಸಂಶಯಪ್ಪ

ಅಂದರೆ ತಪ್ಪು ಮಾಡದವರೂ ಪೊಲೀಸ್ ಠಾಣೆಗೆ ಹೋಗಿ ಹಾಜರಿ ಹಾಕಿದ ಹಾಗೆ. ನಿಮಗೆ ಯಾರಿಗೂ ಇದು ವಿಚಿತ್ರ ಅನ್ನಿಸುವುದಿಲ್ಲವೇ? "ಒಪ್ಪಿಗೆ ಇದೆ" ಅಂತ ಒಂದು ಟಿಕ್ ಹಾಕಿಸಿಕೊಳ್ಳುತ್ತಾರೆ. ಟಿಕ್ ಹಾಕದಿದ್ದರೆ ಓಡುವ ಹಾಗಿಲ್ಲ. ಇದ್ಯಾವ ಸೀಮೆಯ ಒಪ್ಪಿಗೆ?

ಬೀಗದಕೈ

ಸಂಶಯಪ್ಪನವರ ಪ್ರಶ್ನೆ ಸರಿಯಾಗೇ ಇದೆ. ನಾನು ಮಾಹಿತಿ ಭದ್ರತೆಯ ಕೆಲಸದಲ್ಲಿದ್ದೇನೆ, ನಮ್ಮಲ್ಲೂ ಇದೇ ವಾದ ನಡೆಯುತ್ತದೆ. ಬೇಡ ಅನ್ನುವ ಅವಕಾಶ ಇಲ್ಲದ ಕಡೆ ಒಪ್ಪಿಗೆ ಅನ್ನುವ ಪದಕ್ಕೆ ಅರ್ಥವಿಲ್ಲ. ಅದಕ್ಕೇ ಹಲವು ದೇಶಗಳು ಟಿಕ್ ಒಂದನ್ನೇ ನಂಬದೆ ಕಾನೂನಿನಲ್ಲೇ ಬರೆಯುತ್ತವೆ: ಈ ಸಂಸ್ಥೆಗೆ ಈ ಕೆಲಸಕ್ಕಾಗಿ ಈ ಮಾಹಿತಿ ಪಡೆಯುವ ಅಧಿಕಾರ ಇದೆ, ಬೇರೆ ಕೆಲಸಕ್ಕೆ ಬಳಸುವಂತಿಲ್ಲ ಅಂತ.

ಇದು ಕೋರ್ಟಿಗೂ ಹೋಗಿತ್ತು. ಫ್ರಾನ್ಸಿನ ಆಟಗಾರರ ಸಂಘಗಳು ಮತ್ತು ಕೆಲವು ಕ್ರೀಡಾಪಟುಗಳು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ದೂರು ಕೊಟ್ಟರು. 2018ರ ಜನವರಿಯಲ್ಲಿ ತೀರ್ಪು ಬಂತು. ಇದು ಖಾಸಗಿ ಬದುಕಿನೊಳಗೆ ಕೈಹಾಕುವುದೇ ಹೌದು, ಆದರೆ ಆರೋಗ್ಯ ಮತ್ತು ನ್ಯಾಯವಾದ ಸ್ಪರ್ಧೆಗಾಗಿ ಇಷ್ಟು ಬೇಕಾಗುತ್ತದೆ, ಹಕ್ಕಿನ ಉಲ್ಲಂಘನೆ ಆಗಿಲ್ಲ ಅಂತ. ಕೈಹಾಕುತ್ತಿಲ್ಲ ಅಂತ ಕೋರ್ಟೂ ಹೇಳಲಿಲ್ಲ ನೋಡಿ.

ಎಂಟನೇ ಲೇನ್ ಅವರೇ, ನಿಮ್ಮ ಪ್ರಶ್ನೆಗೆ ರಾತ್ರಿ ಉದ್ದಕ್ಕೆ ಬರೆಯುತ್ತೇನೆ. ಸದ್ಯ ಆಫೀಸಿನಲ್ಲಿದ್ದೇನೆ.

ಬಿ ಬಾಟಲಿ

ಶೀಟಿ ಸರ್ ಬಾಗಿಲು ತಟ್ಟುವವರೆಗೆ ಹೇಳಿದರು. ತಟ್ಟುವವರ ಕಡೆಯವಳು ನಾನು. ಎಂಟು ವರ್ಷ ಶಾಪೆರೋನ್ ಆಗಿದ್ದೆ. ಶಾಪೆರೋನ್ ಅಂದರೆ ಕ್ರೀಡಾಪಟುವಿಗೆ ಸುದ್ದಿ ಮುಟ್ಟಿಸಿ, ಸ್ಯಾಂಪಲ್ ಕೊಡುವ ತನಕ ಕಣ್ಣಳತೆಯಿಂದ ಬಿಡದವಳು. ಮಹಿಳೆಯರಿಗೆ ಮಹಿಳೆಯೇ, ಪುರುಷರಿಗೆ ಪುರುಷನೇ. ಮೂತ್ರ ಬಾಟಲಿಗೆ ಬೀಳುವುದನ್ನು ಕಣ್ಣಾರೆ ನೋಡಬೇಕು. ಎದುರಿನವಳಿಗೆ ಎಷ್ಟು ಮುಜುಗರವೋ ನಮಗೂ ಅಷ್ಟೇ. ಮೊದಲ ವರ್ಷ ನಾನು ಪ್ರತಿ ಸಲವೂ "ಸಾರಿ ಕಣಮ್ಮಾ" ಅನ್ನುತ್ತಿದ್ದೆ.

ನಮ್ಮ ಕೈಗೆ ಎಷ್ಟು ವಿವರ ಬರುತ್ತಿತ್ತು ಅನ್ನುವುದನ್ನು ಹೇಳುತ್ತೇನೆ. ಆ ದಿನ ಯಾರ ಪರೀಕ್ಷೆಯೋ ಅವರ ಹೆಸರು, ಆ ದಿನದ ವಿಳಾಸ, ಆ ದಿನದ ಗಂಟೆ. ಮುಂದಿನ ವಾರ ಆ ಹುಡುಗಿ ಎಲ್ಲಿರುತ್ತಾಳೆ ಅನ್ನುವುದು ನನಗೆ ಗೊತ್ತಾಗುತ್ತಿರಲಿಲ್ಲ, ಕೇಳುವ ಹಾಗೂ ಇರಲಿಲ್ಲ. ಹಿಂದಿನ ದಿನ ಮನೆಯಲ್ಲಿ ಗಂಡ "ನಾಳೆ ಎಲ್ಲಿಗೆ?" ಅಂದರೆ "ಬೆಳಿಗ್ಗೆ ಬೇಗ ಹೋಗಬೇಕು" ಅಷ್ಟೇ ಉತ್ತರ.

ಇನ್ನು ಬಾಟಲಿ. ಕನಿಷ್ಠ 90 ಮಿಲಿ ಬೇಕು. ಕಿಟ್ ಆರಿಸುವುದು ಕ್ರೀಡಾಪಟು, ಎ ಮತ್ತು ಬಿ ಬಾಟಲಿಗೆ ಹಂಚಿ ಸುರಿಯುವುದೂ ಅವಳೇ, ಮುಚ್ಚಳ ಕಟಕಟ ಅಂತ ತಿರುಗಿಸಿ ಬಿಗಿಯುವುದೂ ಅವಳೇ. ನಾವು ಮುಟ್ಟುವುದಿಲ್ಲ. ಎರಡೂ ಬಾಟಲಿ ಮೇಲೆ, ಪೆಟ್ಟಿಗೆ ಮೇಲೆ, ಫಾರಂ ಮೇಲೆ ಒಂದೇ ನಂಬರ್ ಇದೆಯಾ ಅಂತ ಅವಳೇ ಓದಿ ನೋಡಬೇಕು. ಪ್ರಯೋಗಾಲಯಕ್ಕೆ ಹೋಗುವ ಪ್ರತಿಯಲ್ಲಿ ಹೆಸರು ಇರುವುದಿಲ್ಲ. ನಂಬರ್, ಆಟ, ಗಂಡೋ ಹೆಣ್ಣೋ, ಇತ್ತೀಚೆಗೆ ತೆಗೆದುಕೊಂಡ ಔಷಧಿ, ಇಂಥವು ಅಷ್ಟೇ. ಯಂತ್ರದ ಮುಂದೆ ಕೂತವರಿಗೆ ಅದು ಚಾಂಪಿಯನ್ನಿನದೋ ಹೊಸ ಹುಡುಗಿಯದೋ ಗೊತ್ತಿಲ್ಲ.

ಆ ನಂಬರ್ ಎಷ್ಟು ಮುಖ್ಯ ಅಂತ ನನಗೇ ಸರಿಯಾಗಿ ಅರ್ಥವಾದದ್ದು ಸೋಚಿಯ ಕತೆ ಓದಿದ ಮೇಲೆ. 2014ರಲ್ಲಿ ರಷ್ಯಾದ ಆ ಊರಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಪ್ರಯೋಗಾಲಯದ ಗೋಡೆಗೆ ರಷ್ಯಾದವರೇ ಒಂದು ತೂತು ಮಾಡಿದ್ದರು. ರಾತ್ರಿ ಬಾಟಲಿಗಳು ಆ ತೂತಿನಿಂದ ಆಚೆ ಹೋಗಿ, ತಿಂಗಳುಗಳ ಹಿಂದೆ ತೆಗೆದಿಟ್ಟ ಶುದ್ಧ ಮೂತ್ರ ತುಂಬಿಕೊಂಡು ವಾಪಸ್ ಬರುತ್ತಿದ್ದವು. ಎಲ್ಲರೂ ಆ ತೂತಿನ ಬಗ್ಗೆಯೇ ಮಾತಾಡುತ್ತಾರೆ. ನಾನು ಕೇಳುವುದು ಬೇರೆ. ಹೆಸರಿಲ್ಲದ ನೂರಾರು ಬಾಟಲಿಗಳಲ್ಲಿ ಬದಲಿಸಬೇಕಾದದ್ದು ಯಾವುದು ಅಂತ ಅವರಿಗೆ ಗೊತ್ತಾದದ್ದು ಹೇಗೆ? ಕ್ರೀಡಾಪಟುಗಳೇ ತಮ್ಮ ಫಾರಂನ ಫೋಟೊ ತೆಗೆದು, ಆ ನಂಬರನ್ನು ಮೊಬೈಲ್‌ನಲ್ಲಿ ಕಳಿಸುತ್ತಿದ್ದರಂತೆ. ಅಷ್ಟು ಗಟ್ಟಿ ವ್ಯವಸ್ಥೆಯ ಬೀಗದ ಕೈ ಒಂದು ಫೋಟೊದಲ್ಲಿತ್ತು.

ಅದಕ್ಕೇ ತಂಗಿಗೆ ಹೇಳಿ, ಫಾರಂನ ತನ್ನ ಪ್ರತಿಯನ್ನು ಯಾರಿಗೂ ಫೋಟೊ ತೆಗೆದು ಕಳಿಸಬಾರದು. ನಿನಗೂ ಬೇಡ. ಈಗೀಗ ಟೆಸ್ಟ್ ಆಯಿತು ಅಂತ ಫಾರಂ ಹಿಡಿದು ಸ್ಟೇಟಸ್ ಹಾಕುವವರೂ ಇದ್ದಾರೆ!

ಎಂಟನೇ ಲೇನ್

ಅಕ್ಕ, ಅದು ನನಗೆ ಹೊಳೆದೇ ಇರಲಿಲ್ಲ. "ಟೆಸ್ಟ್ ಆದ ಮೇಲೆ ಫಾರಂ ನನಗೆ ವಾಟ್ಸಾಪ್ ಮಾಡು" ಅಂತ ನಿನ್ನೆಯೇ ಹೇಳಿದ್ದೆ. ವಾಪಸ್ ತೆಗೆದುಕೊಂಡೆ.

ಹೈಜಂಪ್ ಹುಡುಗಿ

ನನ್ನ ಅನುಭವ ಹೇಳಲಾ? ಹ್ಯಾಕರ್ ಗೀಕರ್ ಎಲ್ಲ ಆಮೇಲೆ. ನನ್ನ ಮಾಹಿತಿ ಸೋರಿದ್ದು ತಂಡದ ವಾಟ್ಸಾಪ್ ಗುಂಪಿನಿಂದ.

ನನಗೆ ಟೈಪ್ 1 ಡಯಾಬಿಟಿಸ್. ಇನ್ಸುಲಿನ್ ನಿಷೇಧಿತ ಪಟ್ಟಿಯಲ್ಲಿದೆ. ಅದಿಲ್ಲದೆ ನಾನು ಬದುಕುವುದಿಲ್ಲ. ಅದಕ್ಕೆ ಚಿಕಿತ್ಸೆಯ ವಿನಾಯಿತಿ ಅಂತ ಇದೆ, ಎಲ್ಲರೂ ಟಿಯುಇ ಅನ್ನುತ್ತಾರೆ. ಡಾಕ್ಟರ್ ವರದಿ, ರಕ್ತ ಪರೀಕ್ಷೆ, ಎಷ್ಟು ಯೂನಿಟ್, ಎಲ್ಲ ಕೊಟ್ಟೆ. ವೈದ್ಯರ ಸಮಿತಿ ನೋಡಿ ಒಪ್ಪಿತು. ಸಂಸ್ಥೆಯ ಕಡೆಯಿಂದ ಒಂದು ಅಕ್ಷರವೂ ಹೊರಗೆ ಹೋಗಲಿಲ್ಲ.

ಆದರೆ ಅರ್ಜಿ ಹಾಕುವಾಗ ನಮ್ಮ ತಂಡದ ಮ್ಯಾನೇಜರ್ "ನನಗೂ ಒಂದು ಪ್ರತಿ ಕಳಿಸು, ಫೈಲಿಗೆ ಬೇಕು" ಅಂದರು. ಕಳಿಸಿದೆ. ಅವರು ಅದನ್ನು ಇನ್ನೊಬ್ಬರಿಗೆ ಕಳಿಸಲು ಹೋಗಿ ಗುಂಪಿಗೆ ಹಾಕಿಬಿಟ್ಟರು. ಐದೇ ನಿಮಿಷ ಇತ್ತು, ಆಮೇಲೆ ಅಳಿಸಿದರು. ಐದು ನಿಮಿಷ ಸಾಕು. ಮರುದಿನ ಪಿಟ್ ಹತ್ತಿರ ಒಬ್ಬಳು "ನಿಂಗೇನಪ್ಪಾ, ಲೈಸೆನ್ಸ್ ಇದೆ" ಅಂದಳು. ತಮಾಷೆಗೇ ಅಂದದ್ದು. ಎರಡು ವರ್ಷ ಆಯಿತು, ಇನ್ನೂ ಕಿವಿಯಲ್ಲಿದೆ.

ಮ್ಯಾನೇಜರ್‌ಗೆ ಆ ಪ್ರತಿ ಬೇಕೇ ಇರಲಿಲ್ಲ. ನಾನು ನೇರವಾಗಿ ಸಂಸ್ಥೆಗೆ ಕಳಿಸಿದ್ದರೆ ಸಾಕಿತ್ತು ಅಂತ ಆಮೇಲೆ ಗೊತ್ತಾಯಿತು.

ನಿವೃತ್ತ ಶೀಟಿ

ಛೆ. ಕ್ಷಮಿಸಮ್ಮಾ, ನಿನ್ನ ಮ್ಯಾನೇಜರ್ ಪರವಾಗಿ ಅಲ್ಲ, ನಮ್ಮ ಕಾಲದ ಕೋಚ್‌ಗಳ ಪರವಾಗಿ. ನಾವೂ ಎಲ್ಲರ ಔಷಧಿ ಚೀಟಿ ಒಂದೇ ಡ್ರಾಯರಿನಲ್ಲಿ ಇಡುತ್ತಿದ್ದೆವು. ಅದಕ್ಕೆ ಬೀಗವೂ ಇರಲಿಲ್ಲ.

ಸಂಶಯಪ್ಪ

ಆದರೆ ಟಿಯುಇ ಒಂದು ಕಳ್ಳದಾರಿ ಅಲ್ಲವೇ? ದೊಡ್ಡ ದೊಡ್ಡವರ ಹೆಸರೆಲ್ಲ ಬಂದಿತ್ತಲ್ಲ 2016ರಲ್ಲಿ.

ಬೀಗದಕೈ

ಮನೆಗೆ ಬಂದೆ. 2016 ಅಂತ ನೀವೇ ತೆಗೆದಿರಿ, ಅಲ್ಲಿಂದಲೇ ಶುರು ಮಾಡುತ್ತೇನೆ.

ವಾಡಾ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಹುಟ್ಟಿದ್ದು 1999ರಲ್ಲಿ. ಕಚೇರಿ ಮಾಂಟ್ರಿಯಲ್‌ನಲ್ಲಿ. ಅವರ ಕಂಪ್ಯೂಟರ್ ವ್ಯವಸ್ಥೆಯ ಹೆಸರು ಆಡಮ್ಸ್. ತಂಗಿ ವಿವರ ತುಂಬುವುದು, ಟಿಯುಇ ಅರ್ಜಿ, ಪರೀಕ್ಷೆಯ ಫಲಿತಾಂಶ ಎಲ್ಲವೂ ಸಾಮಾನ್ಯವಾಗಿ ಅದರೊಳಗೆ. ರಾಷ್ಟ್ರೀಯ ಸಂಸ್ಥೆಯೂ ಅಂತರರಾಷ್ಟ್ರೀಯ ಫೆಡರೇಶನ್ನೂ ಒಂದೇ ಕಡೆ ನೋಡಬಹುದು, ಒಬ್ಬಳ ಬಾಗಿಲನ್ನು ಒಂದೇ ದಿನ ಇಬ್ಬರು ತಟ್ಟುವುದು ತಪ್ಪುತ್ತದೆ. ಅನುಕೂಲವೂ ಅದೇ, ಅಪಾಯವೂ ಅದೇ.

2016ರ ಸೆಪ್ಟೆಂಬರ್‌ನಲ್ಲಿ ಫ್ಯಾನ್ಸಿ ಬೇರ್ಸ್ ಅಂತ ಹೆಸರಿಟ್ಟುಕೊಂಡ ಗುಂಪು ಆಡಮ್ಸ್‌ನಿಂದ ಕದ್ದ ಟಿಯುಇಗಳನ್ನು ಹೊರಗೆ ಹಾಕಿತು. ಜಿಮ್ನಾಸ್ಟ್ ಸಿಮೋನ್ ಬೈಲ್ಸ್, ಟೆನಿಸ್‌ನ ಸೆರೆನಾ ಮತ್ತು ವೀನಸ್ ವಿಲಿಯಮ್ಸ್, ಹೀಗೆ ಹಲವರದು. ಅವರಲ್ಲಿ ಯಾರೂ ನಿಯಮ ಮುರಿದಿರಲಿಲ್ಲ. ಅನುಮತಿ ಪಡೆದೇ ಔಷಧಿ ತೆಗೆದುಕೊಂಡಿದ್ದರು. ಬೈಲ್ಸ್ ಅಂತೂ ತನಗೆ ಚಿಕ್ಕಂದಿನಿಂದ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ಸಮಸ್ಯೆ ಇದೆ ಅಂತ ತಾನೇ ಜಗತ್ತಿಗೆ ಹೇಳಬೇಕಾಯಿತು. ಹೇಳಬೇಕೋ ಬೇಡವೋ ಅನ್ನುವುದು ಅವರ ಇಷ್ಟ ಆಗಿರಬೇಕಿತ್ತು. ಆಮೇಲೆ ವಾಡಾ ಇನ್ನೊಂದು ಮಾತು ಹೇಳಿತು: ಹೊರಬಂದದ್ದೆಲ್ಲ ಆಡಮ್ಸ್‌ನಲ್ಲಿ ಇದ್ದ ಹಾಗೇ ಇಲ್ಲ. ಅಂದರೆ ಕದ್ದದ್ದನ್ನು ತಿದ್ದಿಯೂ ಇರಬಹುದು. ಸಂಶಯಪ್ಪನವರೇ, ನಿಮ್ಮ "ಕಳ್ಳದಾರಿ" ಅನ್ನುವ ಮಾತು ಬಂದದ್ದೇ ಆ ಕಳ್ಳರು ಹಾಕಿದ ಕಾಗದದಿಂದ.

ಒಳಗೆ ಹೋದದ್ದು ಹೇಗೆ? ಯಾವ ಮಾಂತ್ರಿಕ ವಿದ್ಯೆಯೂ ಅಲ್ಲ. ಇಮೇಲ್ ಗಾಳ. ವಾಡಾ ಹೆಸರನ್ನೇ ಹೋಲುವ ಸುಳ್ಳು ವಿಳಾಸ ಮಾಡಿ, "ಇಲ್ಲಿ ಲಾಗಿನ್ ಆಗಿ" ಅಂತ ಕಳಿಸಿದರು. ರಿಯೊ ಒಲಿಂಪಿಕ್ಸ್‌ಗಾಗಿ ತೆರೆದಿದ್ದ ಒಂದು ಖಾತೆ ಅವರ ಕೈಗೆ ಸಿಕ್ಕಿತು. 2018ರ ಅಕ್ಟೋಬರ್‌ನಲ್ಲಿ ಅಮೆರಿಕ ರಷ್ಯಾದ ಸೇನಾ ಗುಪ್ತಚರ ದಳದ ಏಳು ಜನರ ಮೇಲೆ ಕೇಸು ಹಾಕಿತು. ಆ ಆರೋಪಪಟ್ಟಿಯಲ್ಲಿ ಇನ್ನೊಂದು ಸಂಗತಿ ಇದೆ: ಇಮೇಲ್ ಗಾಳಕ್ಕೆ ಸಿಗದವರಿಗಾಗಿ ಖುದ್ದಾಗಿ ವಿಮಾನ ಹತ್ತಿ ಹೋಗಿ, ಅಧಿಕಾರಿಗಳು ಇಳಿದುಕೊಂಡಿದ್ದ ಹೋಟೆಲಿನ ವೈಫೈಗೆ ಕನ್ನ ಹಾಕಿದರು ಅಂತ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಕೆನಡಾದ ಉದ್ದೀಪನ ಮದ್ದು ತಡೆ ಸಂಸ್ಥೆಯ ಒಬ್ಬ ಅಧಿಕಾರಿಯ ಲ್ಯಾಪ್‌ಟಾಪ್ ಹೀಗೆ ಹೋಯಿತು.

ಈಗ ನಿಮ್ಮ ಭಯಕ್ಕೆ ತೀರಾ ಹತ್ತಿರದ ಘಟನೆ. ಯೂಲಿಯಾ ಸ್ಟೆಪನೋವಾ, ನಿಮ್ಮ ತಂಗಿಯ ಹಾಗೆ 800 ಮೀಟರ್ ಓಟಗಾರ್ತಿ. ಅವರೂ ಗಂಡ ವಿಟಾಲಿಯೂ ಸೇರಿ ರಷ್ಯಾದಲ್ಲಿ ನಡೆಯುತ್ತಿದ್ದ ಮದ್ದಿನ ದಂಧೆಯನ್ನು 2014ರ ಕೊನೆಯಲ್ಲಿ ಜರ್ಮನ್ ಟಿವಿಯಲ್ಲಿ ಬಯಲು ಮಾಡಿದರು. ಆಮೇಲೆ ದೇಶ ಬಿಟ್ಟು ಗುಟ್ಟಾದ ಜಾಗದಲ್ಲಿ ಇದ್ದರು. ಆದರೆ ಓಡಬೇಕಾದರೆ ಆಡಮ್ಸ್‌ನಲ್ಲಿ ವಿಳಾಸ ಕೊಡಲೇಬೇಕಲ್ಲ? 2016ರ ಆಗಸ್ಟ್‌ನಲ್ಲಿ ಅವರ ಆಡಮ್ಸ್ ಖಾತೆಗೇ ಯಾರೋ ನುಗ್ಗಿದರು. ದಂಪತಿ ಮತ್ತೆ ಮನೆ ಬದಲಿಸಬೇಕಾಯಿತು.

ಸುಮ್ನೆ ಹೆದರಿಸುತ್ತಿಲ್ಲ. ನಿಮ್ಮ ಪ್ರಶ್ನೆ ಸಣ್ಣದಲ್ಲ ಅಂತ ಹೇಳುತ್ತಿದ್ದೇನೆ ಅಷ್ಟೇ.

ಎಂಟನೇ ಲೇನ್

ಓದಿ ಕೈ ತಣ್ಣಗಾಯಿತು ಸರ್. ಹಾಗಾದರೆ ನಾವು ಏನು ಮಾಡಬೇಕು? ಅವರು ಏನು ಮಾಡುತ್ತಿದ್ದಾರೆ?

ಬೀಗದಕೈ

ಅವರು ಏನು ಮಾಡಬೇಕು ಅನ್ನುವುದಕ್ಕೆ ನಿಯಮ ಇದೆ. ಖಾಸಗಿ ಮಾಹಿತಿ ಕಾಪಾಡುವುದಕ್ಕೇ ಅಂತ ವಾಡಾದ ಒಂದು ಅಂತರರಾಷ್ಟ್ರೀಯ ಮಾನದಂಡ 2009ರಿಂದ ಜಾರಿಯಲ್ಲಿದೆ, ರಾಷ್ಟ್ರೀಯ ಸಂಸ್ಥೆಗಳು ಅದನ್ನು ಪಾಲಿಸಲೇಬೇಕು. ಅದರ ಹೂರಣ ಬಹಳ ಸರಳ. ಕೆಲಸಕ್ಕೆ ಬೇಕಾದಷ್ಟೇ ಕೇಳು. ಯಾರಿಗೆ ಬೇಕೋ ಅವರಿಗಷ್ಟೇ ತೋರಿಸು. ಅವಧಿ ಮುಗಿದ ಮೇಲೆ ಅಳಿಸು. ಸೋರಿಹೋದರೆ ಸಂಬಂಧಪಟ್ಟವರಿಗೆ ತಿಳಿಸು. ಯಾವ ಕಾಗದ ಎಷ್ಟು ಕಾಲ ಇಡಬಹುದು ಅನ್ನುವುದಕ್ಕೆ ಪ್ರತ್ಯೇಕ ಪಟ್ಟಿಯೇ ಇದೆ. ನಿಮ್ಮ ತಂಗಿಗೆ ತನ್ನ ಬಗ್ಗೆ ಏನೇನು ಇಟ್ಟುಕೊಂಡಿದ್ದೀರಿ ತೋರಿಸಿ ಅಂತ ಕೇಳುವ ಹಕ್ಕೂ ಇದೆ. ಪ್ರತಿ ಸಂಸ್ಥೆಯೂ ಈ ವಿಷಯಕ್ಕೆ ಒಬ್ಬರನ್ನು ಹೊಣೆಗಾರರನ್ನಾಗಿ ಇಟ್ಟಿರಬೇಕು. ಅವರ ಹೆಸರು, ಇಮೇಲ್ ಕೇಳಿ ಬರೆದಿಟ್ಟುಕೊಳ್ಳಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ರಕ್ತದ ಜೈವಿಕ ಪಾಸ್‌ಪೋರ್ಟ್ ಅಂತ ಒಂದಿದೆ. ಅದರಲ್ಲಿ ಈ ಸರಳ ಮಾತು ಚೆನ್ನಾಗಿ ಕಾಣಿಸುತ್ತದೆ. ಒಬ್ಬರ ರಕ್ತದ ಲೆಕ್ಕವನ್ನು ವರ್ಷಗಟ್ಟಲೆ ಜೋಡಿಸಿ ಒಂದು ಗ್ರಾಫ್ ಮಾಡುತ್ತಾರೆ, ಎಲ್ಲಾದರೂ ಅಸಹಜ ಏರುಪೇರು ಇದ್ದರೆ ತಜ್ಞರಿಗೆ ಕಳಿಸುತ್ತಾರೆ. ತಜ್ಞರ ಮುಂದೆ ಗ್ರಾಫ್ ಇರುತ್ತದೆ, ಹೆಸರು ಇರುವುದಿಲ್ಲ. ಕೇಸು ಮುಂದೆ ಹೋಗಬೇಕಾದರೆ ಮೂವರು ತಜ್ಞರೂ ಒಂದೇ ಅಭಿಪ್ರಾಯಕ್ಕೆ ಬರಬೇಕು.

ನೀವು ಮಾಡಬೇಕಾದದ್ದು: ಆಡಮ್ಸ್ ಪಾಸ್‌ವರ್ಡ್ ಬೇರೆ ಎಲ್ಲೂ ಬಳಸದ್ದು ಇರಲಿ. ಎರಡನೇ ಹಂತದ ದೃಢೀಕರಣ ಆನ್ ಮಾಡಿ. ಇಮೇಲ್‌ನಲ್ಲಿ ಬಂದ ಲಿಂಕ್ ಒತ್ತಿ ಎಂದೂ ಲಾಗಿನ್ ಆಗಬೇಡಿ. ಅಧಿಕೃತ ಆ್ಯಪ್‌ನಿಂದಲೇ ಹೋಗಿ. ಹೋಟೆಲ್ ವೈಫೈ ಬೇಡ, ಮೊಬೈಲ್ ಡೇಟಾ ಸಾಕು. ಮತ್ತೆ ನೀವು ಅಣ್ಣ ಅಂತ ಅವಳ ಪಾಸ್‌ವರ್ಡ್ ಇಟ್ಟುಕೊಂಡಿದ್ದೀರಿ ಅಂತ ಊಹಿಸುತ್ತೇನೆ. ಅದು ಕಾಗದದಲ್ಲೋ ವಾಟ್ಸಾಪ್‌ನಲ್ಲೋ ಇದ್ದರೆ ಇವತ್ತೇ ತೆಗೆಯಿರಿ.

ಎಂಟನೇ ಲೇನ್

ಫ್ರಿಜ್ ಮೇಲೆ ಅಂಟಿಸಿದ್ದೆ.

ಹೈಜಂಪ್ ಹುಡುಗಿ

😂😂 ಅಣ್ಣಾ!

ಸಂಶಯಪ್ಪ

ಸರಿ, ಕದಿಯುವವರ ಕತೆ ಆಯಿತು. ನನ್ನ ನಿಜವಾದ ಸಂಶಯ ಬೇರೆ. ಗೌಪ್ಯತೆ ಅನ್ನುವ ಪರದೆ ಇದ್ದರೆ ಅದರ ಹಿಂದೆ ಸಂಸ್ಥೆಯವರೇ ಏನಾದರೂ ಮುಚ್ಚಿಡಬಹುದಲ್ಲ? ಚೀನಾದ 23 ಈಜುಗಾರರ ಸ್ಯಾಂಪಲ್‌ನಲ್ಲಿ 2021ರ ಜನವರಿಯಲ್ಲಿ ಟ್ರೈಮೆಟಾಜಿಡಿನ್ ಅನ್ನುವ ನಿಷೇಧಿತ ಹೃದಯದ ಔಷಧಿ ಸಿಕ್ಕಿತ್ತು. ಹೋಟೆಲಿನ ಅಡುಗೆಮನೆಯಿಂದ ಸೇರಿಕೊಂಡದ್ದು ಅಂತ ಅಲ್ಲಿನ ಸಂಸ್ಥೆ ಹೇಳಿ ಮುಗಿಸಿತು. ವಾಡಾ ಮೇಲ್ಮನವಿ ಹಾಕಲಿಲ್ಲ. ಜಗತ್ತಿಗೆ ಗೊತ್ತಾದದ್ದು 2024ರ ಏಪ್ರಿಲ್‌ನಲ್ಲಿ, ಅದೂ ಪತ್ರಕರ್ತರಿಂದ. ಮೂರು ವರ್ಷ! ಇದಕ್ಕೆ ಏನು ಹೇಳುತ್ತೀರಿ?

ನಿವೃತ್ತ ಶೀಟಿ

ಇದಕ್ಕೆ ನನ್ನ ಹತ್ತಿರ ಸಮಾಧಾನದ ಉತ್ತರ ಇಲ್ಲ. ವಾಡಾ ಪಕ್ಷಪಾತ ಮಾಡಲಿಲ್ಲ, ಮೇಲ್ಮನವಿ ಹಾಕದಿದ್ದದ್ದು ಸಮಂಜಸ ಅಂತ ಸ್ವಿಟ್ಜರ್ಲೆಂಡಿನ ಮಾಜಿ ಅಭಿಯೋಜಕ ಎರಿಕ್ ಕೊಟಿಯೆ ಅವರ ವರದಿ ಹೇಳಿತು. ಚೀನಾದ ಸಂಸ್ಥೆ ನಡೆದುಕೊಂಡ ರೀತಿ ನಿಯಮಕ್ಕೆ ಪೂರ್ತಿ ಹೊಂದಲಿಲ್ಲ ಅನ್ನುವ ಮಾತೂ ಬಂತು. ನಿಜವಾಗಿಯೂ ಊಟದಿಂದಲೇ ಸೇರಿದ್ದರೂ, ಆಗಲೇ ಬಹಿರಂಗ ಮಾಡಿದ್ದರೆ ಆ ಮಕ್ಕಳ ಮೇಲೂ ಇಷ್ಟು ಅನುಮಾನ ಉಳಿಯುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ನಾನು ಎರಡನ್ನೂ ಬೇರೆ ಬೇರೆ ಇಟ್ಟು ನೋಡುತ್ತೇನೆ. ಹುಡುಗಿ ರಾತ್ರಿ ಎಲ್ಲಿ ಮಲಗುತ್ತಾಳೆ, ಯಾವ ಮಾತ್ರೆ ನುಂಗುತ್ತಾಳೆ, ಇದು ಯಾರಿಗೂ ಬೇಡ. ಸಂಸ್ಥೆ ಏನು ತೀರ್ಮಾನ ಮಾಡಿತು, ಯಾಕೆ ಮಾಡಿತು, ಇದು ಎಲ್ಲರಿಗೂ ಬೇಕು. ನಿಯಮವೂ ಹಾಗೇ ಇದೆ. ತಪ್ಪು ಸಾಬೀತಾಗಿ ಅಂತಿಮ ತೀರ್ಪು ಬಂದ 20 ದಿನದೊಳಗೆ ಸಂಸ್ಥೆ ಅದನ್ನು ಬಹಿರಂಗ ಮಾಡಬೇಕು. ಅಪ್ರಾಪ್ತರಾದರೆ ಹೆಸರು ಹಾಕಲೇಬೇಕು ಅಂತಿಲ್ಲ. ತಪ್ಪಿಲ್ಲ ಅಂತ ತೀರ್ಪು ಬಂದರೆ ಮೇಲ್ಮನವಿಯ ವಿಷಯ ಹೇಳಬಹುದು, ಆದರೆ ತೀರ್ಪಿನ ವಿವರವನ್ನು ಕ್ರೀಡಾಪಟು ಒಪ್ಪದೆ ಹೊರಗೆ ಬಿಡುವಂತಿಲ್ಲ.

ಇನ್ನೊಂದು. ವಾಡಾದ 2021ರ ಸಂಹಿತೆಯ ಪ್ರಕಾರ ರಾಷ್ಟ್ರೀಯ ಸಂಸ್ಥೆ ಸರ್ಕಾರದಿಂದಲೂ ಕ್ರೀಡಾ ಫೆಡರೇಶನ್‌ಗಳಿಂದಲೂ ಸ್ವತಂತ್ರವಾಗಿ ಕೆಲಸ ಮಾಡಬೇಕು. ಫೆಡರೇಶನ್ ನಡೆಸುವವರೇ ಇಲ್ಲೂ ಕುರ್ಚಿ ಹಾಕಿಕೊಂಡು ಕೂರುವ ಹಾಗಿಲ್ಲ. ಪದಕ ಬೇಕು ಅನ್ನುವವರ ಕೈಗೇ ಫೈಲ್ ಕೊಟ್ಟರೆ ಏನಾಗುತ್ತದೆ ಅಂತ ಸೋಚಿಯಲ್ಲಿ ನೋಡಿದೆವಲ್ಲ.

ಬೀಗದಕೈ

ಶೀಟಿ ಸರ್ ಮಾತಿಗೆ ಒಂದು ಬಾಲ. ಮಾಹಿತಿ ಕಾಪಾಡುವುದು ಅಂದರೆ ಜನ ಮುಚ್ಚಿಡುವುದು ಅಂತ ಮಾತ್ರ ತಿಳಿಯುತ್ತಾರೆ. ಅದು ಬದಲಾಗದ ಹಾಗೆ ಇಡುವುದೂ ಅಷ್ಟೇ ಮುಖ್ಯ. ಮಾಸ್ಕೋ ಪ್ರಯೋಗಾಲಯದ ಕಂಪ್ಯೂಟರಿನ ದತ್ತಾಂಶವನ್ನು ವಾಡಾ 2019ರ ಜನವರಿಯಲ್ಲಿ ಹೋಗಿ ತಂದಿತು. ಆದರೆ ಅದೇ ದತ್ತಾಂಶದ ಹಳೆಯ ಪ್ರತಿಯನ್ನು ಒಳಗಿನವರೊಬ್ಬರು 2017ರಲ್ಲೇ ವಾಡಾಗೆ ಕೊಟ್ಟಿದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತಾಳೆ ಆಗಲಿಲ್ಲ. ಪಾಸಿಟಿವ್ ಫಲಿತಾಂಶ ಅಳಿಸಿದ್ದರು. ಅಷ್ಟೇ ಅಲ್ಲ, ಪ್ರಯೋಗಾಲಯದ ಹಳೆಯ ಮುಖ್ಯಸ್ಥ ರೊಡ್ಚೆಂಕೊವ್ ಅವರ ಮೇಲೆ ತಪ್ಪು ಬರುವ ಹಾಗೆ ಸುಳ್ಳು ಸಂದೇಶ ಸೇರಿಸಿದ್ದರು. ವಾಡಾ ರಷ್ಯಾಕ್ಕೆ ನಾಲ್ಕು ವರ್ಷದ ಶಿಕ್ಷೆ ಹಾಕಿತು, ಕ್ರೀಡಾ ನ್ಯಾಯಮಂಡಳಿ 2020ರ ಡಿಸೆಂಬರ್‌ನಲ್ಲಿ ಎರಡಕ್ಕೆ ಇಳಿಸಿತು.

ಯಾರು, ಯಾವಾಗ, ಯಾವ ಫೈಲ್ ತೆರೆದರು ಅನ್ನುವ ಜಾಡು ಉಳಿಯುವ ವ್ಯವಸ್ಥೆ ಬೇಕು. ಅದೇ ಜಾಡು ಹುಡುಗಿಯನ್ನೂ ಕಾಪಾಡುತ್ತದೆ, ಸಂಶಯಪ್ಪನವರ ಸಂಶಯಕ್ಕೂ ಉತ್ತರ ಕೊಡುತ್ತದೆ.

ಸಂಶಯಪ್ಪ

ಇದನ್ನು ಒಪ್ಪುತ್ತೇನೆ. ಅರ್ಧ.

ಬಿ ಬಾಟಲಿ

ಗುಟ್ಟು ಹೇಳುವವರ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ದೊಡ್ಡ ಪ್ರಕರಣ ಎಷ್ಟೋ ಸಲ ಬಯಲಾಗುವುದು ಒಳಗಿನವರು ಬಾಯಿ ಬಿಟ್ಟಾಗ. ಸ್ಟೆಪನೋವಾ ಅಂಥವರು. ಈಗ ವಾಡಾಗೆ 2017ರಿಂದ ಸ್ಪೀಕ್ ಅಪ್ ಅನ್ನುವ ವ್ಯವಸ್ಥೆ ಇದೆ, ಹೆಸರು ಹೇಳದೆ ತಿಳಿಸಬಹುದು. ಹಲವು ರಾಷ್ಟ್ರೀಯ ಸಂಸ್ಥೆಗಳಿಗೂ ಇಂಥ ದಾರಿ ಇದೆ. 2021ರಿಂದ ಗುಟ್ಟು ಹೇಳಿದವರನ್ನು ಹೆದರಿಸುವುದು, ಸೇಡು ತೀರಿಸಿಕೊಳ್ಳುವುದು ತಾನೇ ಒಂದು ಡೋಪಿಂಗ್ ಅಪರಾಧ. ಆ ದೂರಿನ ಫೈಲ್ ಸೋರಿದರೆ ಮಾತ್ರ ಇನ್ನೊಬ್ಬರು ಯಾರೂ ಬಾಯಿ ಬಿಡುವುದಿಲ್ಲ. ಟಿಯುಇ ಸೋರಿದರೆ ಒಬ್ಬಳಿಗೆ ಅವಮಾನ. ಇದು ಸೋರಿದರೆ ಪೂರ್ತಿ ಬಾವಿಯೇ ಬತ್ತಿತು.

ಹೈಜಂಪ್ ಹುಡುಗಿ

ಅಕ್ಕ, ಸ್ಯಾಂಪಲ್ ಎಷ್ಟು ವರ್ಷ ಇಡುತ್ತಾರೆ? ನನ್ನದು ಇನ್ನೂ ಎಲ್ಲೋ ಫ್ರೀಜರಿನಲ್ಲಿ ಇದೆಯಾ ಅಂತ ಒಂಥರಾ ಆಗುತ್ತದೆ.

ಬಿ ಬಾಟಲಿ

ಎಲ್ಲವನ್ನೂ ಇಡುವುದಿಲ್ಲ ಕಣೇ. ಆರಿಸಿದ್ದನ್ನು 10 ವರ್ಷದ ತನಕ ಇಡಬಹುದು. ಹೊಸ ಪರೀಕ್ಷಾ ವಿಧಾನ ಬಂದಾಗ ಮತ್ತೆ ತೆಗೆದು ನೋಡುತ್ತಾರೆ. ಬೀಜಿಂಗ್ 2008 ಮತ್ತು ಲಂಡನ್ 2012ರ ಸ್ಯಾಂಪಲ್‌ಗಳನ್ನು ಹೀಗೆ ಮತ್ತೆ ನೋಡಿದಾಗ ನೂರಕ್ಕೂ ಹೆಚ್ಚು ಜನ ಸಿಕ್ಕಿಬಿದ್ದರು. ಆಗ ನಾಲ್ಕನೆಯವರಾಗಿ ಅತ್ತುಕೊಂಡು ಹೋದವರಿಗೆ ವರ್ಷಗಳ ನಂತರ ಪದಕ ಬಂತು. ಸಂಶೋಧನೆಗೆ ಬಳಸಲು ನಿನ್ನ ಒಪ್ಪಿಗೆ ಫಾರಂನಲ್ಲೇ ಕೇಳುತ್ತಾರೆ, ಬೇಡ ಅನ್ನಬಹುದು. ಬೇಡ ಅಂದರೆ ಯಾವ ತೊಂದರೆಯೂ ಇಲ್ಲ.

ಮಾಡರೇಟರ್

ಇಬ್ಬರು ಇಲ್ಲಿ ಸ್ಥಳೀಯ ಆಟಗಾರರೊಬ್ಬರ ಹೆಸರು ಹಾಕಿ "ಇವರಿಗೂ ಟಿಯುಇ ಇದೆಯಂತೆ" ಅಂತ ಬರೆದಿದ್ದರು. ಅಳಿಸಿದ್ದೇವೆ. ಇಷ್ಟು ಹೊತ್ತು ಯಾವುದರ ಬಗ್ಗೆ ಮಾತಾಡುತ್ತಿದ್ದೇವೆ ಸ್ವಾಮಿ?

ಎಂಟನೇ ಲೇನ್

ಮೂರು ವಾರದ ನಂತರ ಬರೆಯುತ್ತಿದ್ದೇನೆ. ನಿನ್ನೆ ಬೆಳಿಗ್ಗೆ ಮೊದಲ ಸಲ ಬಂದರು. ನಾವು ಆರಿಸಿದ್ದು ಬೆಳಿಗ್ಗೆ 6ರಿಂದ 7, ಹಾಸ್ಟೆಲ್. 6 ಗಂಟೆ 10 ನಿಮಿಷಕ್ಕೆ ಇಬ್ಬರು ಮಹಿಳೆಯರು ಗುರುತಿನ ಚೀಟಿ ತೋರಿಸಿದರಂತೆ. ಇವಳು ಗಾಬರಿಯಲ್ಲಿ ಒಂದೇ ಸಮನೆ ನೀರು ಕುಡಿದಳು. ಮೊದಲ ಸ್ಯಾಂಪಲ್ ನೀರಿನ ಹಾಗೆ ತೆಳ್ಳಗಾಯಿತು, ಸಾಂದ್ರತೆ ಸಾಲದು ಅಂದರು. ಇನ್ನೊಂದು ಕೊಡುವ ತನಕ ಕಾಯಬೇಕು. ಹತ್ತು ಗಂಟೆಯ ಕ್ಲಾಸು ತಪ್ಪಿತು.

ಬಾಟಲಿ ನಂಬರನ್ನು ಮೂರು ಸಲ ಜೋರಾಗಿ ಓದಿದಳಂತೆ. "ಇಷ್ಟು ಸಲ ಓದಿದವಳು ನೀನೇ ಮೊದಲು" ಅಂದರಂತೆ ಅವರು. ರೂಮ್‌ಮೇಟ್ ಯಾರು ಬಂದಿದ್ದರು ಅಂತ ಕೇಳಿದ್ದಕ್ಕೆ "ಬೆಳಿಗ್ಗೆ ಬೇಗ ಬರಬೇಕಿತ್ತು, ಬಂದಿದ್ದರು" ಅಂದಳಂತೆ. ಬಿ ಬಾಟಲಿ ಅಕ್ಕನ ಮಾತನ್ನು ಅವಳೂ ಓದಿದ್ದಾಳೆ ಅಂತ ಕಾಣುತ್ತದೆ.

ಮಾಹಿತಿಯ ಹೊಣೆ ಇರುವವರಿಗೆ ಇಮೇಲ್ ಮಾಡಿದ್ದೆ, ಯಾರು ಯಾರು ನೋಡಬಹುದು, ಎಷ್ಟು ಕಾಲ ಇಡುತ್ತೀರಿ ಅಂತ. ನಾಲ್ಕನೇ ದಿನ ಉತ್ತರ ಬಂತು. ಆದರೆ ನನಗೆ ಅಲ್ಲ. "ಕ್ರೀಡಾಪಟುವಿನ ವಿವರವನ್ನು ಬೇರೆಯವರಿಗೆ ತಿಳಿಸಲು ಆಗುವುದಿಲ್ಲ" ಅಂತ ನನಗೆ ಒಂದು ಸಾಲು, ಪೂರ್ತಿ ಉತ್ತರ ಅವಳ ಇಮೇಲ್‌ಗೆ. ಓದಿ ನಗುತ್ತಿದ್ದಳು. ಏನು ಬರೆದಿದ್ದಾರೆ ಅಂತ ಕೇಳಿದೆ, ಇನ್ನೂ ಹೇಳಿಲ್ಲ. ಪಾಸ್‌ವರ್ಡನ್ನೂ ಬದಲಿಸಿದ್ದಾಳೆ.